ಎರೆನೆಲಕ್ಕೆ ಎಂಥ ಯಂತ್ರ?

ಕನ್ನಡ ಕಲಿಸುವವರು ಮಣ್ಣೆತ್ತುವ ಯಂತ್ರದ ವಿಷಯವಾಗಿ ಬರೆಯಲು ಹೊರಟಿರುವುದನ್ನು ಕಂಡು ನಿಮಗೆ ನಗು ಬರಬಹುದು. ಸಂಧಿ ಸಮಾಸಗಳನ್ನು ಬಿಟ್ಟು ಇವರಿಗೇಕೆ ಈ ಉಸಾಬರಿ ಎಂದೂ ಅನಿಸಬಹುದು. ಅದಕ್ಕೆ ಕಾರಣವುಂಟು. ಕಳೆದ ಯುಗಾದಿಯ ಮರುದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಗುಂಜೋಟಿಯ ನಮ್ಮ ಮನೆಗೆ ಬಂದ. ಅವನ ಕೈಯಲ್ಲಿ ಬಣ್ಣಬಣ್ಣದ ಒಂದು ಕಿರುಪುಸ್ತಕವಿತ್ತು. "ಗುರೂಜಿ, ಇದನ್ನ ಒಂದೀಟು ಓದಿ ಹೇಳ್ರಿ. ಮರಾಠಿದಾಗ ಇದ್ರ ನಾನೇ ಓದ್ಕೋತಿದ್ದೆ, ಎಲ್ಲಾ ಇಂಗ್ಲಿಷ್‌ನಾಗ ಅದ" ಎಂದ. ಕಾಂಪ್ಯಾಕ್ಟ್ ಟ್ರ್ಯಾಕ್ ಲೋಡರ್ ಎಂಬ ಯಂತ್ರದ ವಿವರಣೆ ಅದು. ತಂದೆಯ ಮೂರು ಎಕರೆ ಹೊಲವನ್ನು ಒತ್ತೆಯಿಟ್ಟು, ಸಾಲ ತೆಗೆದು, ಆ ಯಂತ್ರವನ್ನು ಕೊಂಡು ಬಾಡಿಗೆಗೆ ಬಿಡಬೇಕೆಂಬುದು ಅವನ ಯೋಚನೆ. ಆ ದಿನ ಮತ್ತು ಮುಂದಿನ ಎರಡು ಭಾನುವಾರ ನಾವು ಕುಳಿತು ಓದಿದ್ದು, ಗುಣಿಸಿದ್ದು, ಭಾಗಿಸಿದ್ದು ಈ ಲೇಖನದ ವಸ್ತು.

ಮೊದಲು ಯಂತ್ರದ ಪರಿಚಯವಾಗಲಿ. ಊರಿನಲ್ಲಿ ನೀವು ದಿನವೂ ಕಾಣುವ ಜೆ.ಸಿ.ಬಿ.ಗೆ ನಾಲ್ಕು ಗಾಲಿಗಳಿವೆ, ಮುಂದೆ ಬುಟ್ಟಿ, ಹಿಂದೆ ಅಗೆಯುವ ತೋಳು. ಜೆ.ಸಿ.ಬಿ. ಎಂಬುದು ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬವರ ಹೆಸರಿನ ಮೊದಲಕ್ಷರಗಳು. 1945ರಲ್ಲಿ ಅವರು ತೆರೆದ ಕಾರ್ಖಾನೆಯ ಹೆಸರೇ ಇಂದು ನಮ್ಮ ಹಳ್ಳಿಗಳಲ್ಲಿ ಆ ಜಾತಿಯ ಎಲ್ಲ ಯಂತ್ರಗಳಿಗೂ ರೂಢನಾಮವಾಗಿದೆ. ಪೊಕ್ಲೇನ್ ಎಂಬುದೂ ಹಾಗೆಯೇ, ಅದು ಫ್ರಾನ್ಸಿನ ಒಂದು ಕಂಪನಿಯ ಹೆಸರು. (ಅಂಕಿತನಾಮವು ರೂಢನಾಮವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ವ್ಯಾಕರಣ ಪಾಠದಲ್ಲಿಲ್ಲ.) ಕಾಂಪ್ಯಾಕ್ಟ್ ಟ್ರ್ಯಾಕ್ ಲೋಡರ್ ಇವೆರಡಕ್ಕಿಂತ ಚಿಕ್ಕದು. ಗಾಲಿಗಳ ಬದಲು ಎರಡು ರಬ್ಬರಿನ ಪಟ್ಟಾಗಳ ಮೇಲೆ ನಡೆಯುತ್ತದೆ. ನಮ್ಮ ಜನ ಇಂಥ ಪಟ್ಟಾವನ್ನು ಚೈನ್ ಎನ್ನುತ್ತಾರೆ. ಎರಡು ಮೀಟರಿನೊಳಗಿನ ಅಗಲ, ಮುಂದೆ ಒಂದು ಬುಟ್ಟಿ. ಬುಟ್ಟಿಯನ್ನು ತೆಗೆದು ಕುಣಿ ತೋಡುವ ಬೈರಿಗೆ, ಕಲ್ಲೊಡೆಯುವ ಸುತ್ತಿಗೆ ಮುಂತಾದವನ್ನೂ ಕಟ್ಟಬಹುದು.

ಈ ಪಟ್ಟಾ ಏಕೆ ಹುಟ್ಟಿತು ಎಂಬ ಕಥೆ ನಮ್ಮ ಎರೆನೆಲದವರಿಗೆ ಬೇಗ ಅರ್ಥವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನದಿಮುಖದ ಮೆತ್ತನೆಯ ನೆಲದಲ್ಲಿ ಹಬೆಯಂತ್ರದ ಟ್ರಾಕ್ಟರುಗಳು ಹೂತುಹೋಗುತ್ತಿದ್ದವು. ಗಾಲಿಗಳನ್ನು ಅಗಲ ಮಾಡುತ್ತ ಹೋದರೆ ಯಂತ್ರವೇ ತಿರುಗದಷ್ಟು ಬೆಳೆಯಿತು. ಆಗ ಬೆಂಜಮಿನ್ ಹೋಲ್ಟ್ ಎಂಬವರು ಗಾಲಿಯನ್ನೇ ತೆಗೆದು ಹಲಗೆಗಳ ಸರಪಣಿಯನ್ನು ಸುತ್ತಿದರು. 1904ರ ನವೆಂಬರಿನಲ್ಲಿ ಅದರ ಪರೀಕ್ಷೆ ನಡೆಯಿತು. ಯಂತ್ರವು ತನ್ನ ದಾರಿಯನ್ನು ತಾನೇ ಹಾಸಿಕೊಂಡು, ತಾನೇ ಸುತ್ತಿಕೊಂಡು ಸಾಗಿತು. ನಿಂತಲ್ಲೇ ತಿರುಗುವ ಚಿಕ್ಕ ಲೋಡರು ಬಂದದ್ದು ಬಹಳ ತಡವಾಗಿ. 1957ರಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಕೆಲ್ಲರ್ ಸಹೋದರರಿಬ್ಬರು ಟರ್ಕಿ ಕೋಳಿಗಳ ಕೊಟ್ಟಿಗೆಯ ಗೊಬ್ಬರ ಎತ್ತಲು ಅದನ್ನು ಮಾಡಿದರು. ಅದೇ ಮುಂದೆ ಬಾಬ್‌ಕ್ಯಾಟ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅಂಥ ಚಿಕ್ಕ ಲೋಡರಿಗೆ ಪಟ್ಟಾ ಕೂಡಿಸಿದ ಯಂತ್ರ 1980ರ ದಶಕದಲ್ಲಿ ಮಾರುಕಟ್ಟೆಗೆ ಬಂದಿತು. ನಮ್ಮವರಿಗೂ ಪಟ್ಟಾ ಹೊಸದಲ್ಲ. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಬುಲ್ಡೋಜರುಗಳನ್ನು ತಯಾರಿಸುತ್ತ ಬಂದಿದೆ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ವಸ್ತು ನೆಲವನ್ನು ಎಷ್ಟು ಒತ್ತುತ್ತದೆ ಎಂಬುದು ಅದರ ತೂಕವೊಂದರಿಂದಲೇ ತಿಳಿಯದು. ತೂಕವನ್ನು ನೆಲ ಮುಟ್ಟುವ ಕ್ಷೇತ್ರಫಲದಿಂದ ಭಾಗಿಸಬೇಕು. ಎಂಟನೆಯ ತರಗತಿಯಲ್ಲಿ ಒತ್ತಡವೆಂದು ಕಲಿತದ್ದು ಇದೇ. ಯಂತ್ರದ ತೂಕ 4,000 ಕಿಲೋ ಎಂದಿಟ್ಟುಕೊಳ್ಳಿ. ಒಂದೊಂದು ಪಟ್ಟಾ 40 ಸೆಂಟಿಮೀಟರ್ ಅಗಲ, ನೆಲ ಮುಟ್ಟುವ ಉದ್ದ 140 ಸೆಂಟಿಮೀಟರ್. ಎರಡೂ ಸೇರಿ 11,200 ಚದರ ಸೆಂಟಿಮೀಟರ್ ಆಯಿತು. ಭಾಗಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.36 ಕಿಲೋ.

ಇದು ಹೆಚ್ಚೋ ಕಡಿಮೆಯೋ? ನಾವು ಅಂಗಳದಲ್ಲಿ ಒಂದು ಚೌಕಳಿ ಕಾಗದವನ್ನು ಹಾಸಿ, ನಮ್ಮದೇ ಪಾದವನ್ನು ಇಟ್ಟು, ಸುತ್ತಲೂ ಗೆರೆ ಎಳೆಸಿದೆವು. ನೆಲ ಮುಟ್ಟುವ ಭಾಗ ಸುಮಾರು 200 ಚದರ ಸೆಂಟಿಮೀಟರ್ ಬಂತು. ನಮ್ಮ ತೂಕ 65 ಕಿಲೋ. ನಡೆಯುವಾಗ ಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುವುದರಿಂದ 0.33 ಕಿಲೋ. ಅಂದರೆ ನಾಲ್ಕು ಟನ್ನಿನ ಯಂತ್ರವು ನೆಲವನ್ನು ಒತ್ತುವುದು ಕನ್ನಡ ಶಿಕ್ಷಕರ ಹೆಜ್ಜೆಯಷ್ಟೇ! ಎತ್ತಿನ ಗೊರಸು ಇದಕ್ಕಿಂತ ಹೆಚ್ಚು ಒತ್ತುತ್ತದೆ, ನಾಲ್ಕು ಕಾಲಿನ ಮೇಲೆ ಸುಮ್ಮನೆ ನಿಂತಾಗಲೇ ಒಂದು ಕಿಲೋ ದಾಟುತ್ತದೆ. ಗಾಲಿಯ ಯಂತ್ರಕ್ಕೆ ಸುಲಭದ ಒಂದು ಅಂದಾಜು ಇದೆ: ಟೈರಿನೊಳಗಿನ ಗಾಳಿಯ ಒತ್ತಡ ಎಷ್ಟೋ, ನೆಲದ ಮೇಲಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಜೆ.ಸಿ.ಬಿ.ಯಂಥ ಯಂತ್ರಗಳಲ್ಲಿ ಅದು ಎರಡು ಮೂರು ಕಿಲೋ ಆಗುತ್ತದೆ. ಹಸಿ ಎರೆಯಲ್ಲಿ ಗಾಲಿ ಏಕೆ ಹೂಳುತ್ತದೆ, ಚೈನ್ ಏಕೆ ತೇಲುತ್ತದೆ ಎಂಬುದಕ್ಕೆ ಇದೇ ಉತ್ತರ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಬುಟ್ಟಿ ತುಂಬಿದಾಗ ಭಾರ ಮುಂದಕ್ಕೆ ವಾಲುತ್ತದೆ, ಪಟ್ಟಾದ ಮುಂತುದಿ ಹೆಚ್ಚು ಒತ್ತುತ್ತದೆ. ನಿಂತಲ್ಲೇ ಗರ್ರನೆ ತಿರುಗಿಸಿದರೆ ಮೇಲ್ಮಣ್ಣು ಸುಲಿದು ಬರುತ್ತದೆ. ಇಪ್ಪತ್ತು ಟನ್ನಿನ ಪೊಕ್ಲೇನಿಗೂ ಚೈನೇ ಇದೆ, ಆದರೂ ಅಷ್ಟು ತೂಕವು ಮೇಲೆ ಕಾಣದಂತೆ ಆಳದ ಮಣ್ಣನ್ನು ಬಿಗಿ ಮಾಡುತ್ತದೆ. ನಮ್ಮ ಬಂಧುಗಳೊಬ್ಬರ ಹೊಲದಲ್ಲಿ ಅಕಾಲ ಮಳೆ ಬಿದ್ದ ಮೂರನೆಯ ದಿನವೇ ಗಾಲಿಯ ಯಂತ್ರವನ್ನು ಇಳಿಸಿ ಒಡ್ಡು ಹಾಕಿಸಿದರು. ಯಂತ್ರ ಎರಡು ಸಲ ಹೂತು, ಟ್ರಾಕ್ಟರಿನಿಂದ ಎಳೆಸಬೇಕಾಯಿತು. ಮುಂದೆ ಎರಡು ವರ್ಷ ಆ ಗಾಲಿಯ ಜಾಡಿನುದ್ದಕ್ಕೂ ತೊಗರಿ ಮೊಣಕಾಲೆತ್ತರ ಮೀರಲಿಲ್ಲ. ಬಾಡಿಗೆಯ ಚೀಟಿಯಲ್ಲಿ ಈ ನಷ್ಟ ಬರೆದಿರಲಿಲ್ಲ.

ಹಾಗಾದರೆ ಚೈನಿನ ಯಂತ್ರವನ್ನು ಕೊಳ್ಳಲು ಹುಡುಗನಿಗೆ ಹೇಳಿಬಿಡಬಹುದಿತ್ತಲ್ಲವೇ? ನಾವೂ ಮೊದಲ ಭಾನುವಾರ ಹಾಗೆಯೇ ಭಾವಿಸಿದ್ದೆವು. ಎರಡನೆಯ ಭಾನುವಾರ ನೆಲದ ಪಂಚಾಂಗ ನೋಡಿದ ಮೇಲೆ ಮನಸ್ಸು ತಿರುಗಿತು.

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಭಾಗದ ನೆಲವು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸದ ಕರಿಕಲ್ಲು ಸವೆದು ಆದದ್ದು. ಈ ಎರೆಯಲ್ಲಿರುವ ಜೇಡಿಯು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಬಿರುಕಿನಲ್ಲಿ ಬಾರುಕೋಲು ಇಳಿಸಿ ಆಳ ನೋಡಿದ ಆಟ ನಿಮಗೆಲ್ಲ ಗೊತ್ತು. ನೆಲ ಹಸಿಯಾಗಿರುವುದು ಜೂನಿನಿಂದ ಅಕ್ಟೋಬರದವರೆಗೆ. ಆಗ ಹೊಲದಲ್ಲಿ ಸೋಯಾ, ತೊಗರಿ ನಿಂತಿರುತ್ತವೆ, ಯಂತ್ರವನ್ನು ಕರೆಯುವವರು ಯಾರು? ಕರೆಯುವುದು ರಾಶಿಗಳೆಲ್ಲ ಮುಗಿದ ಮೇಲೆ, ಜನವರಿಯ ನಡುವಿನಿಂದ ಮೇ ಕೊನೆಯವರೆಗೆ. ಆಗ ನೆಲ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಗಾಲಿಗೆ ಯಾವ ತೊಂದರೆಯೂ ಇಲ್ಲ. ಬೇಕಾದದ್ದು ತೇಲುವ ಗುಣವಲ್ಲ, ಅಗೆಯುವ ಬಲ. ಹೀಗೆ ಚೈನಿನ ದೊಡ್ಡ ಗುಣವು ಅದನ್ನು ಯಾರೂ ಕರೆಯದ ತಿಂಗಳುಗಳಲ್ಲಿಯೇ ಬೆಳಗತಕ್ಕದ್ದು! ಪರದೇಶದ ಪುಸ್ತಕದಲ್ಲಿ ಬರೆದ ಹೊಗಳಿಕೆ ಸುಳ್ಳಲ್ಲ, ಆದರೆ ಅದು ವರ್ಷವಿಡೀ ತೇವವಿರುವ ನೆಲವನ್ನು ಕಂಡವರು ಬರೆದದ್ದು.

ಎರಡು ಕೆಲಸಗಳಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಒಂದು, ಕೆರೆಯ ಹೂಳು. 1972ರ ಬರಗಾಲದಲ್ಲಿ ನಮ್ಮ ಹಿರಿಯರು ಗುದ್ದಲಿ ಬುಟ್ಟಿ ಹಿಡಿದು ಪಾಝರ್ ತಲಾವುಗಳನ್ನು ಕಟ್ಟಿದರು. ಮಹಾರಾಷ್ಟ್ರದ ರೋಜಗಾರ ಹಮೀ ಯೋಜನೆ ಬೆಳೆದದ್ದು ಆ ಕೆಲಸದಿಂದಲೇ. ಯಂತ್ರದ ಮಾತು ಬಂದಾಗಲೆಲ್ಲ, ಇದೇ ಕೆಲಸ ಎಷ್ಟು ಮನೆಗಳ ಒಲೆ ಉರಿಸಿತ್ತು ಎಂಬುದು ನೆನಪಾಗದೆ ಇರದು. ಆ ಕೆರೆಗಳು ಇಂದು ಹೂಳು ತುಂಬಿವೆ. 2016ರ ಏಪ್ರಿಲಿನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತರಬೇಕಾದದ್ದನ್ನು ನಾವು ಕಂಡಿದ್ದೇವೆ. 2017ರಲ್ಲಿ ರಾಜ್ಯ ಸರಕಾರವು ಕೆರೆಯ ಹೂಳೆತ್ತಿ ರೈತರ ಹೊಲಕ್ಕೆ ಹಾಕುವ ಯೋಜನೆಯನ್ನು ಆರಂಭಿಸಿತು. ಮೇ ತಿಂಗಳಲ್ಲಿಯೂ ಕೆರೆಯಂಗಳ ಮೇಲೆ ಹೆಪ್ಪಿನಂತೆ ಒಣಗಿ, ಒಳಗೆ ಹಸಿಯಾಗಿರುತ್ತದೆ. ಅಲ್ಲಿ ಚೈನಿಗೆ ಬೆಲೆಯುಂಟು. (ಹೂಳು ಹಾಕಬೇಕಾದದ್ದು ಮರಡಿ ಹೊಲಕ್ಕೆ. ಮೊದಲೇ ಆಳದ ಎರೆಯಿದ್ದಲ್ಲಿ ಮತ್ತೆ ಜೇಡಿ ಸುರಿದು ಏನು ಪ್ರಯೋಜನ?)

ಎರಡನೆಯದು ಇಕ್ಕಟ್ಟಾದ ಓಣಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪವಾದಾಗ ನಾವು ಇನ್ನೂ ಶಾಲಾ ಬಾಲಕರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ, ನಡುವೆ ಎರಡು ಎತ್ತು ಜೊತೆಯಾಗಿ ಹೋಗದಂಥ ಓಣಿ. ಗೋಡೆಗಳು ಓಣಿಯನ್ನೇ ತುಂಬಿಬಿಟ್ಟವು. ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. ಅಂಥ ಕಡೆಯಲ್ಲಿ ಅಗಲ ಕಡಿಮೆಯಾದ ಯಂತ್ರವೇ ಒಳಹೊಗಬಲ್ಲದು. ಆದರೆ ಅದು ಪಂಚಾಯಿತಿಯೋ ಸರಕಾರವೋ ಇಟ್ಟುಕೊಳ್ಳಬೇಕಾದ ಯಂತ್ರ. ಮೂರು ಎಕರೆಯ ಹುಡುಗ ಅದಕ್ಕಾಗಿ ಸಾಲ ಮಾಡಲಾಗದು.

ಮೂರನೆಯ ಭಾನುವಾರ ಕಿರುಪುಸ್ತಕದ ಅಂಕಿಗಳನ್ನು ಬಿಡಿಸಿದೆವು. 2,500 ಕಿಲೋ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. ಇಷ್ಟು ಎತ್ತುತ್ತದೆಂದು ಹುಡುಗ ನಂಬಿದ್ದ. ಕೆಳಗೆ ಸಣ್ಣಕ್ಷರ ಓದಿದರೆ, ಅದು ಯಂತ್ರ ಮುಗ್ಗರಿಸಿ ಮುಂದಕ್ಕೆ ಮಗುಚುವ ಭಾರ! ಪಟ್ಟಾದ ಲೋಡರಿನಲ್ಲಿ ಸುರಕ್ಷಿತವಾಗಿ ಎತ್ತತಕ್ಕದ್ದು ಅದರ ನೂರಕ್ಕೆ 35 ಭಾಗವೆಂಬುದು ರೂಢಿಯ ಲೆಕ್ಕ, ಅಂದರೆ 875 ಕಿಲೋ. ಹಸಿ ಹೂಳು ಒಂದು ಘನ ಮೀಟರಿಗೆ ಸುಮಾರು 1,700 ಕಿಲೋ ತೂಗುತ್ತದೆ. 0.4 ಘನ ಮೀಟರಿನ ಬುಟ್ಟಿಯಾದರೆ 680 ಕಿಲೋ, ಅಡ್ಡಿಯಿಲ್ಲ. ಮಾರುವವರು ಹುರುಪಿನಿಂದ ಕೊಡಲೊಪ್ಪಿದ 0.6ರ ಬುಟ್ಟಿಯಾದರೆ 1,020 ಕಿಲೋ, ಮಿತಿ ಮೀರಿತು.

ರಬ್ಬರ್ ಪಟ್ಟಾದ ಆಯುಷ್ಯ ಸಾಮಾನ್ಯವಾಗಿ 1,200ರಿಂದ 1,600 ತಾಸು. ಅದೂ ಮೆತ್ತನೆಯ ಮಣ್ಣಿನಲ್ಲಿ. ನಮ್ಮ ಮುರುಮು, ಕರಿಕಲ್ಲಿನ ಚೂಪು ಅಂಚು ಅದನ್ನು ಬೇಗ ಕೊಯ್ಯುತ್ತವೆ. ಜೆ.ಸಿ.ಬಿ. ತಾನೇ ರಸ್ತೆಯ ಮೇಲೆ ಓಡಿಹೋಗಿ ಮುರುಮಿನಲ್ಲಿ ಬೆಳಗ್ಗೆ, ಆಳಂದದ ಕಡೆ ಮಧ್ಯಾಹ್ನ ಕೆಲಸ ಮಾಡಬಲ್ಲದು. ಪಟ್ಟಾದ ಯಂತ್ರವನ್ನು ಪ್ರತಿ ಸಲವೂ ಬೇರೆ ವಾಹನದಲ್ಲಿ ಹೇರಬೇಕು. ಭಾರಿ ಕೆಲಸದಲ್ಲಿ ತಾಸಿಗೆ ಎಂಟು ಹತ್ತು ಲೀಟರ್ ಡೀಸೆಲ್ ಬೇರೆ. ಕೊನೆಗೆ ನಾವು ಬರೆದ ಲೆಕ್ಕ ಇದು: ಕೆಲಸದ ದಿನ 140, ದಿನಕ್ಕೆ ಐದು ತಾಸು, ಒಟ್ಟು 700 ತಾಸು. ಸಾಲದ ಕಂತು ಮಾತ್ರ ಹನ್ನೆರಡು ತಿಂಗಳು. ಹುಡುಗ ಬಹಳ ಹೊತ್ತು ಆ ಕಾಗದವನ್ನೇ ನೋಡಿದ. "ಹಾಂಗಾದ್ರ ಬ್ಯಾಡ ಅಂತೀರೇನ್ರಿ?" ಎಂದ. ಬೇಡ ಎನ್ನಲು ನಾವು ಯಾರು? "ಯಂತ್ರ ಚೊಲೋದೇ ಅದ ತಮ್ಮಾ. 700 ತಾಸು ಸಿಗ್ತಾವೇನು ಅನ್ನೋದು ಮೊದಲ ನೋಡು. ಹೊಲದ ಕಾಗದ ಅಲ್ಲೀತನ ಟ್ರಂಕಿನಾಗೇ ಇರಲಿ" ಎಂದೆವು.

ಅವನು ಈಗ ತಾಲೂಕಿನ ಒಬ್ಬರ ಬಳಿ ಜೆ.ಸಿ.ಬಿ. ನಡೆಸಲು ಕಲಿತು ಕೆಲಸಕ್ಕಿದ್ದಾನೆ. ಜೇಬಿನಲ್ಲಿ ಒಂದು ನೋಟುಪುಸ್ತಕವಿದೆ. ಯಾವ ದಿನ, ಯಾವ ಊರು, ಎಂಥ ನೆಲ, ಎಷ್ಟು ತಾಸು, ಎಷ್ಟು ಡೀಸೆಲ್ ಎಂದು ಕನ್ನಡದಲ್ಲಿಯೇ ಬರೆಯುತ್ತಾನೆ. ದೀರ್ಘಗಳು ಈಗಲೂ ತಪ್ಪುತ್ತವೆ. ಮೊನ್ನೆ ತಂದು ತೋರಿಸಿದ. ಜೂನಿನ ಪುಟದಲ್ಲಿ ಹನ್ನೊಂದು ಸಾಲು ಒಂದೇ ರೀತಿಯಾಗಿದ್ದವು: "ಮಳಿ. ಗಾಡಿ ನಿಂತದ." ಅವುಗಳ ಕೆಳಗೆ ಬೇರೆ ಶಾಯಿಯಲ್ಲಿ, "ಚೈನ್ ಇದ್ದಿದ್ರ ಕೆರಿ ಕೆಲಸ 4 ದಿನ ಆಗ್ತಿತ್ತು" ಎಂದು ಬರೆದಿದ್ದ.