ಜಗಲಿಯಿಂದ ಕಂಡ ಊರು

ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಬನ್ನೂರು ಕಡೆಯ ಬಸ್ಸಿಗೆ ಕಾಯುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿಗೆ ಗೊತ್ತಿರದ ಒಂದು ಸಂಗತಿಯಿಂದ ಶುರುಮಾಡುತ್ತೇನೆ. ದೇಶವಿದೇಶಗಳ ಸಮಾಜಶಾಸ್ತ್ರದ ತರಗತಿಗಳಲ್ಲಿ ಓದಿಸುವ ಒಂದು ಹಳ್ಳಿ ನಮ್ಮ ತಾಲ್ಲೂಕಿನಲ್ಲೇ ಇದೆ. ಪುಸ್ತಕದಲ್ಲಿ ಅದರ ಹೆಸರು ರಾಮಪುರ. ನಿಜವಾದ ಹೆಸರು ಕೊಡಗಹಳ್ಳಿ.

ಸಂಶೋಧನೆ ಎಂದಕೂಡಲೇ ಹೊಸಬರ ಕಣ್ಣಿಗೆ ಬರುವುದು ಬಿಳಿ ಕೋಟು, ಗಾಜಿನ ಕೊಳವೆ, ಯಂತ್ರ. ಸಮಾಜವನ್ನು ಓದಲು ಹೊರಟವರಿಗೆ ಅಂಥ ಯಂತ್ರ ಯಾವುದೂ ಇಲ್ಲ. ಜನ ಯಾಕೆ ಹೀಗೆ ಬದುಕುತ್ತಾರೆ, ಮಗು ಯಾಕೆ ಶಾಲೆ ಬಿಡುತ್ತದೆ, ಊರಿನ ಜಗಳ ಹೇಗೆ ತೀರುತ್ತದೆ, ಸುದ್ದಿ ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತದೆ ಎಂದು ತಿಳಿಯಲು ಇರುವುದು ಎರಡು ಕಣ್ಣು, ಎರಡು ಕಿವಿ, ಒಂದು ನೋಟ್‌ಬುಕ್ಕು. ಹಾಗಾಗಿ ಆ ಕಣ್ಣು ಎಲ್ಲಿ ಕೂತು ನೋಡುತ್ತಿದೆ ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ಇವತ್ತು ನಾನು ಹೇಳಿಕೊಡಲು ಹೊರಟಿರುವುದು ಅದೊಂದನ್ನೇ.

ರಾಮಪುರದ ಆ ಪುಸ್ತಕ ಬರೆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. ಅಯ್ಯಂಗಾರ್ ಮನೆತನ, ಹಿರಿಯರ ಊರು ಅರಕೆರೆ. ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಶಿಷ್ಯರಾಗಿ, ಆಮೇಲೆ ಆಕ್ಸ್‌ಫರ್ಡಿಗೆ ಹೋದರು. ಅಷ್ಟು ದೂರ ಹೋದವರು ಕೆಲಸಕ್ಕೆ ಆರಿಸಿಕೊಂಡದ್ದು ತಮ್ಮ ಸೀಮೆಯ ಹಳ್ಳಿಯನ್ನೇ. 1948ರಲ್ಲಿ ಸುಮಾರು ಹತ್ತು ತಿಂಗಳು ಕೊಡಗಹಳ್ಳಿಯಲ್ಲಿ ಇದ್ದರು, 1952ರ ಬೇಸಿಗೆಯಲ್ಲಿ ಮತ್ತೆ ಬಂದರು. ಊರಿನ ಪಟೇಲರು ಎತ್ತು ಕಟ್ಟುತ್ತಿದ್ದ ಮನೆಯಲ್ಲಿ ಅವರ ಬಿಡಾರ. ಆ ಮನೆಯ ಜಗಲಿ ಊರಿನ ಗಂಡಸರು ಬಂದು ಕೂತು ಮಾತಾಡುವ ಜಾಗ. ಅಲ್ಲಿ ಕೂತರೆ ಸುದ್ದಿ ತಾನಾಗಿ ನಡೆದು ಬರುತ್ತಿತ್ತು.

ಹೀಗೆ ಊರಲ್ಲೇ ಇದ್ದು, ಜನರ ನಡುವೆ ಬದುಕುತ್ತಾ ನೋಡಿ ಬರೆಯುವುದನ್ನು ಕ್ಷೇತ್ರಕಾರ್ಯ ಎನ್ನುತ್ತೇವೆ. ಮೊದಲ ವಾರ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ ಆರನೆಯ ತಿಂಗಳಲ್ಲಿ ಬದಲಾಗಿರುತ್ತದೆ. ಉತ್ತರ ಹೇಳುವವರು ಅವರೇ. ಆದರೆ ಅಷ್ಟು ಹೊತ್ತಿಗೆ ನಿಮ್ಮನ್ನು ಅಳೆದು ನೋಡಿರುತ್ತಾರೆ. ಕೊಡಗಹಳ್ಳಿಯವರೂ ಶ್ರೀನಿವಾಸರನ್ನು ಅಳೆದರು. ಅವರು ಸ್ನಾನವಾದ ಮೇಲೆ ಕ್ಷೌರ ಮಾಡಿಕೊಳ್ಳುವುದನ್ನು ಕಂಡು ಪಟೇಲರು ತಪ್ಪೆಂದು ಹೇಳಿದರು. ಬ್ರಾಹ್ಮಣನಾದವನು ಕ್ಷೌರವಾದ ಮೇಲೆ ಮೀಯಬೇಕಲ್ಲವೇ? ಅವರ ಕೈಯಲ್ಲಿದ್ದ ಕ್ಯಾಮೆರಾ ಊರಿನವರ ಬಾಯಲ್ಲಿ ಚಾಮರವಾಯಿತು, ಅವರು ಚಾಮರದವರಾದರು. ದೇವರಿಗೆ ಬೀಸುವ ಚಾಮರದ ಹೆಸರು ಫೋಟೋ ತೆಗೆಯುವವರಿಗೆ ಅಂಟಿಕೊಂಡಿತು. ಈ ಪ್ರಸಂಗ ನನಗೆ ಬಹಳ ಪ್ರಿಯ. ಊರನ್ನು ಓದಲು ಹೋದವರನ್ನು ಊರೂ ಓದುತ್ತಿರುತ್ತದೆ, ತನಗೆ ಗೊತ್ತಿರುವ ಮಾತಿನಲ್ಲಿ ಅವರಿಗೊಂದು ಜಾಗ ಹುಡುಕುತ್ತಿರುತ್ತದೆ.

ಆ ಜಗಲಿಯಿಂದ ಅವರಿಗೆ ಕಂಡದ್ದೇನು? ಗ್ರಂಥಗಳಲ್ಲಿ ಓದಿದ ಸಮಾಜ ಬೇರೆ, ಕಣ್ಣೆದುರಿನದು ಬೇರೆ ಎಂಬುದು. ಗ್ರಂಥದ ಪ್ರಕಾರ ನಾಲ್ಕು ವರ್ಣ, ಮೇಲೆ ಬ್ರಾಹ್ಮಣ. ಊರಿನಲ್ಲಿ ನಾಲ್ಕು ವರ್ಣಗಳಿಲ್ಲ, ಹತ್ತಾರು ಜಾತಿಗಳಿವೆ. ಮಡಿಯ ಲೆಕ್ಕದಲ್ಲಿ ಬ್ರಾಹ್ಮಣರು ಮೇಲಿದ್ದರೂ ಅವರದು ಬೆರಳೆಣಿಕೆಯ ಮನೆಗಳು. ಜಗಳ ಬಂದಾಗ ನ್ಯಾಯ ಹೇಳುವವರು, ಹೊಲವನ್ನು ವಾರಕ್ಕೆ ಕೊಡುವವರು, ಕೂಲಿಗೆ ಕರೆಯುವವರು ಒಕ್ಕಲಿಗರು. ಸಂಖ್ಯೆ, ಜಮೀನು, ಅಧಿಕಾರ ಮೂರೂ ಒಂದು ಜಾತಿಯ ಕೈಯಲ್ಲಿ ಕೂಡಿದರೆ ಊರಿನ ನಡೆ ಅದರ ಮಾತಿನಂತೆ ಸಾಗುತ್ತದೆ. ಇದಕ್ಕೆ ಅವರು ಕೊಟ್ಟ ಹೆಸರು ‘ಪ್ರಬಲ ಜಾತಿ’. 1959ರಲ್ಲಿ ಕೊಡಗಹಳ್ಳಿಯ ಪ್ರಬಲ ಜಾತಿಯ ಮೇಲೆಯೇ ಒಂದು ಲೇಖನ ಪ್ರಕಟಿಸಿದರು. ಇವತ್ತು ಟಿ.ವಿ. ಚರ್ಚೆಯಲ್ಲಿ ದಿನವೂ ಕೇಳುವ ‘ಓಟ್ ಬ್ಯಾಂಕ್’ ಎಂಬ ಮಾತು ಕೂಡ 1955ರ ಅವರ ಬರಹದಿಂದ ಬಂದದ್ದೆಂದು ಹೇಳುತ್ತಾರೆ. ಚುನಾವಣೆಯ ಲೆಕ್ಕಾಚಾರದ ಮಾತೊಂದರ ಹಿಂದೆ ಕಾವೇರಿ ಬಯಲಿನ ಗದ್ದೆಯ ಊರಿದೆ ಎಂದು ಹೇಳುವಾಗ ತರಗತಿಯಲ್ಲಿ ನನ್ನ ದನಿ ತಾನಾಗಿ ಏರುತ್ತದೆ.

ಆದರೆ ಜಗಲಿಗೆ ಎಲ್ಲವೂ ಕಾಣುವುದಿಲ್ಲ. ನಮ್ಮ ಭಾಷೆಗೆ ಇದು ಮೊದಲೇ ಗೊತ್ತು. ‘ಊರು ಕೇರಿ’ ಎಂದು ಜೋಡಿಸಿ ಹೇಳುತ್ತೇವೆ; ಹಾಗೆ ಹೇಳುವಾಗಲೇ ಊರು ಬೇರೆ, ಕೇರಿ ಬೇರೆ ಎಂದೂ ಹೇಳಿರುತ್ತೇವೆ. ಪಟೇಲರ ಅತಿಥಿಯಾಗಿ, ಬ್ರಾಹ್ಮಣನಾಗಿ ಇದ್ದ ಶ್ರೀನಿವಾಸರಿಗೆ ಕೇರಿಯೊಳಗೆ ಸಲೀಸಾಗಿ ಹೋಗಿ ಕೂರಲು ಆಗಲಿಲ್ಲ. ಮುಸ್ಲಿಮರ ಮನೆಗಳೂ, ಹೆಂಗಸರ ಮಾತೂ ಅವರಿಗೆ ಅಷ್ಟಾಗಿ ದಕ್ಕಲಿಲ್ಲ. ಊರನ್ನು ತಾನು ಮೇಲ್ಜಾತಿಯವರ ಕಣ್ಣಿನಿಂದಲೇ ಹೆಚ್ಚಾಗಿ ನೋಡಿದೆ ಎಂದು ಮುಂದೆ ಅವರೇ ಒಪ್ಪಿ ಬರೆದರು. ಅವರ ಎಲ್ಲ ಸಿದ್ಧಾಂತಗಳಿಗಿಂತ ಈ ಒಪ್ಪಿಗೆಯನ್ನೇ ಹೊಸಬರು ಮೊದಲು ಓದಬೇಕೆಂದು ನನಗೆ ಅನಿಸುತ್ತದೆ.

ಅವರು ಕೊಡಗಹಳ್ಳಿಗೆ ಬಂದ ಅದೇ 1948ರಲ್ಲಿ, ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ದೇವನೂರ ಮಹಾದೇವ ಹುಟ್ಟಿದರು. ಅವರ ‘ಕುಸುಮಬಾಲೆ’ ಬಂದದ್ದು 1984ರಲ್ಲಿ, ಈ ಸೀಮೆಯ ಆಡುಮಾತಿನಲ್ಲೇ. ಅದು ಕಾದಂಬರಿ, ಸಂಶೋಧನೆಯಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ಶ್ರೀನಿವಾಸರ ಪುಸ್ತಕ ಮುಗಿಸಿದ ವಿದ್ಯಾರ್ಥಿಗೆ ನಾನು ಕೈಗೆ ಕೊಡುವುದು ಇದನ್ನೇ. ಜಗಲಿಯಿಂದ ಕೇಳಿಸದೆ ಹೋದ ದನಿಗಳು ಇದರಲ್ಲಿವೆ.

ಶ್ರೀನಿವಾಸರ ಆ ಪುಸ್ತಕ ಹುಟ್ಟಿದ್ದೂ ಒಂದು ದುಃಖದ ಕಥೆ. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆಯಿರಿ ಎಂದು ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಧೈರ್ಯ ತುಂಬಿದರು. ಹಾಗೆ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಕೋಷ್ಟಕಗಳು ಸುಟ್ಟರೂ ಪಟೇಲರ ಗತ್ತು, ಮಳೆಗಾಗಿ ದೇವರಲ್ಲಿ ಹೂ ಕೇಳಿದ ದಿನದ ಕಳವಳ, ಯಾರು ಯಾರ ಮೇಲೆ ಮುನಿದಿದ್ದರು ಎಂಬುದು ಇಪ್ಪತ್ತೆರಡು ವರ್ಷ ಕಳೆದರೂ ಅವರಲ್ಲಿ ಉಳಿದಿತ್ತು.

ಒಂದೇ ಊರನ್ನು ಆಳವಾಗಿ ನೋಡುವುದು ಒಂದು ದಾರಿ. ಎರಡು ಊರನ್ನು ಪಕ್ಕಪಕ್ಕ ಇಟ್ಟು ನೋಡುವುದು ಇನ್ನೊಂದು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬಾಕೆ 1954ರಲ್ಲಿ ಮಂಡ್ಯದ ಕಡೆ ಬಂದು ಎರಡು ಹಳ್ಳಿ ಆರಿಸಿಕೊಂಡರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಎತ್ತರದಲ್ಲಿದ್ದ ಇನ್ನೊಂದಕ್ಕೆ ಹತ್ತಲಿಲ್ಲ. ನೀರು ಕಂಡ ಊರೇ ಹೆಚ್ಚು ಬದಲಾಗುತ್ತದೆ ಎಂದು ನಾವು ಲೆಕ್ಕ ಹಾಕುತ್ತೇವೆ. ಆಕೆ ಕಂಡದ್ದು ಬೇರೆ. ನೀರು ಬಂದ ಊರು ಕಬ್ಬು ಬೆಳೆದು ಸಿರಿವಂತವಾಯಿತು, ಆದರೆ ಒಡೆಯ ಆಳುಗಳ ಹಳೆಯ ನಂಟು ಹಾಗೇ ಉಳಿಯಿತು. ನೀರು ಕಾಣದ ಊರಿನವರು ಕೆಲಸ, ವ್ಯಾಪಾರ, ಗುತ್ತಿಗೆ ಎಂದು ಹೊರಗೆ ಹೋದರು. ಹಳೆಯ ಕಟ್ಟುಗಳು ಸಡಿಲವಾದದ್ದು ಅಲ್ಲಿ.

ಶಾಲೆಯ ವಿಷಯಕ್ಕೆ ಬರೋಣ, ನಿಮ್ಮಲ್ಲಿ ಹೆಚ್ಚಿನವರು ಆರಿಸಿಕೊಳ್ಳುವುದು ಅದನ್ನೇ. ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಸರ್ಕಾರಿ ಶಾಲೆಯ ಮೇಷ್ಟ್ರುಗಳು ರಿಷಿವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದು ನಲಿ-ಕಲಿ ಎಂಬ ಕಲಿಸುವ ಬಗೆಯನ್ನು ಶುರುಮಾಡಿದರು. ಕಾರ್ಡುಗಳು, ಕಲಿಕೆಯ ಮೆಟ್ಟಿಲುಗಳು, ಗುಂಪುಗಳು. ನನಗೆ ಅದರಲ್ಲಿ ದೊಡ್ಡದಾಗಿ ಕಂಡದ್ದು ಮೇಷ್ಟ್ರು ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂತದ್ದು. ಯಾವ ಮಗು ಯಾವ ಅಕ್ಷರದ ಹತ್ತಿರ ತಡವರಿಸುತ್ತದೆ ಎಂಬುದು ಅಷ್ಟು ಹತ್ತಿರದಿಂದ ಮಾತ್ರ ಕಾಣುತ್ತದೆ.

ಈಗ ನಿಮ್ಮ ಕೆಲಸ. ಶಾಲೆ ಬಿಟ್ಟ ಮಕ್ಕಳನ್ನು ಎಣಿಸಲು ಒಂದು ಹಳ್ಳಿಗೆ ಹೋಗುತ್ತೀರಿ ಎಂದುಕೊಳ್ಳಿ. ಊರಿನ ದೊಡ್ಡವರೊಬ್ಬರು ಕುರ್ಚಿ ಹಾಕಿಸಿ, ಟೀ ತರಿಸಿ, ನಾಲ್ಕು ಜನರನ್ನು ಕರೆಸುತ್ತಾರೆ. ಕೇಳಿದರೆ “ಎಲ್ಲಾ ಮಕ್ಳೂ ಇಸ್ಕೂಲ್ಗೆ ಓಯ್ತವೆ ಸಾ” ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆಂದು ತೀರ್ಮಾನಿಸಬೇಡಿ. ಹೊರಗಿನಿಂದ ಬಂದವರ ಮುಂದೆ ಊರಿನ ಮಾನ ಕಾಪಾಡುವುದು ಮನುಷ್ಯ ಸಹಜ. ಕೇಳುವವರಿಗೆ ಹಿತವಾದ ಉತ್ತರ ಕೊಡುವ ಈ ಒಲವನ್ನು ಮನಃಶಾಸ್ತ್ರದವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ‘ಮಗಳನ್ನು ಶಾಲೆಗೆ ಕಳಿಸುತ್ತೀರಾ’ ಎಂದು ಕೇಳಬೇಡಿ, ‘ನಿನ್ನೆ ಬೆಳಿಗ್ಗೆಯಿಂದ ಮಗಳು ಏನೇನು ಮಾಡಿದಳು’ ಎಂದು ಕೇಳಿ. ನಾಟಿಯ ದಿನಗಳಲ್ಲಿ ಒಮ್ಮೆ ಹೋಗಿ, ಸುಗ್ಗಿಯಲ್ಲಿ ಒಮ್ಮೆ ಹೋಗಿ. ಸಂಜೆ ನಲ್ಲಿಯ ಹತ್ತಿರ ಬಿಂದಿಗೆ ತುಂಬುವವರ ಜೊತೆ ನಿಂತುಕೊಳ್ಳಿ. ನೋಟ್‌ಬುಕ್ಕು ಚೀಲದಲ್ಲೇ ಇರಲಿ. ಯಾರ ನಿಜವಾದ ಹೆಸರನ್ನೂ ವರದಿಯಲ್ಲಿ ಬರೆಯಬೇಡಿ, ಕೊಡಗಹಳ್ಳಿ ರಾಮಪುರವಾದದ್ದೂ ಅದಕ್ಕೇ.

ವಾಪಸ್ಸು ಬರುವ ಬಸ್ಸಿನಲ್ಲಿ ಆ ದಿನದ ಪುಟ ತೆರೆದು, ಜನ ಏನು ಹೇಳಿದರು ಎಂದು ಬರೆಯುವ ಮೊದಲು ಮೂರು ಸಾಲು ಬರೆದುಕೊಳ್ಳಿ: ಎಲ್ಲಿ ಕೂತಿದ್ದೆ, ಯಾರು ಟೀ ಕೊಟ್ಟರು, ಯಾರು ಅಲ್ಲಿಗೆ ಬರಲಿಲ್ಲ. ಮರುದಿನ ಮೂರನೆಯ ಸಾಲಿನವರ ಮನೆಗೆ ಹೋಗಿ.