ಜರ್ಮನಿಗೆ ಓದಲು ಹೊರಟವರ ವೀಸಾ: ಯಾವುದು ಮೊದಲು, ಯಾವುದು ಆಮೇಲೆ

ಜರ್ಮನಿಯ ವಿಶ್ವವಿದ್ಯಾಲಯದಿಂದ ಪ್ರವೇಶಪತ್ರ ಬಂದ ದಿನ ಮನೆಯಲ್ಲಿ ಹಬ್ಬ. ಮರುದಿನದಿಂದ ವೀಸಾ ಓಡಾಟ. ಅಕ್ಟೋಬರ್‌ನಲ್ಲಿ ತರಗತಿ ಎಂದು ಗೊತ್ತಿದ್ದೂ ಆಗಸ್ಟ್‌ನಲ್ಲಿ ಕಾಗದಪತ್ರ ಹುಡುಕಲು ಕೂತ ನನ್ನ ಅಕ್ಕನ ಮಗನ ಪಾಡನ್ನು ಹತ್ತಿರದಿಂದ ಕಂಡಿದ್ದೇನೆ. ಅಂಕ, ಹಣ ಎರಡೂ ಇದ್ದ ಹುಡುಗನಿಗೆ ಸಾಲದೆ ಹೋದದ್ದು ದಿನಗಳು. ಹೆಚ್ಚು ದಿನ ಹಿಡಿಯುವ ಕೆಲಸವನ್ನು ಮೊದಲು ಹಿಡಿಯಿರಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಆ ಮೊದಲ ಕೆಲಸ ಎಪಿಎಸ್ ಪ್ರಮಾಣಪತ್ರ. ದೆಹಲಿಯ ಜರ್ಮನ್ ರಾಯಭಾರ ಕಚೇರಿಯ ಜೊತೆಗಿರುವ ಎಪಿಎಸ್ ಕೇಂದ್ರ ನಿಮ್ಮ ಅಂಕಪಟ್ಟಿ, ಪದವಿಪತ್ರಗಳು ಅಸಲಿಯೇ, ಅಲ್ಲಿನ ಓದಿಗೆ ಅರ್ಹವೇ ಎಂದು ಪರಿಶೀಲಿಸುತ್ತದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. ಶುಲ್ಕ 18,000 ರೂಪಾಯಿ. ಒಮ್ಮೆ ಪಡೆದರೆ ಅವಧಿ ಮುಗಿಯುವ ಮಾತಿಲ್ಲ. ಹಾಗಾಗಿ ಪ್ರವೇಶಪತ್ರ ಬರಲಿ ಎಂದು ಕಾಯಬೇಡಿ.

ಇನಿಷಿಯಲ್ ಎಂಬ ತೊಡಕು

ನಮ್ಮವರು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕಾವ್ಯಾ ಎಚ್.ಎಂ.’ ಎಂದಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಸೇರಿಸಿ ‘ಕಾವ್ಯಾ ಹಳೇಬೀಡು ಮಂಜುನಾಥ’ ಎಂದಾಗಿರುತ್ತದೆ. ಪದವಿಪತ್ರದಲ್ಲಿ ಇನಿಷಿಯಲ್ ಹಿಂದಿದ್ದದ್ದು ಮುಂದೆ ಬಂದಿರುತ್ತದೆ. ನಮಗೆ ಇದು ತೀರಾ ಸಹಜ. ಆದರೆ ನಮ್ಮ ಹೆಸರಿಡುವ ಪದ್ಧತಿ ಅರಿಯದ ಅಧಿಕಾರಿಯ ಮೇಜಿನ ಮೇಲೆ ಅವು ಮೂವರ ಕಾಗದಗಳಂತೆ ಕಾಣಬಹುದು.

ಎಲ್ಲ ದಾಖಲೆಗಳನ್ನೂ ಒಮ್ಮೆ ಸಾಲಾಗಿ ಹರಡಿ, ಅಕ್ಷರ ಅಕ್ಷರ ಹೋಲಿಸಿ ನೋಡಿ. ವಿಶ್ವವಿದ್ಯಾಲಯದ ಅರ್ಜಿ, ಬ್ಯಾಂಕ್ ಖಾತೆ, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಬರೆಯಿರಿ. ಪಾಸ್‌ಪೋರ್ಟಿನಲ್ಲೇ ತಪ್ಪಿದ್ದರೆ ಮೊದಲೇ ತಿದ್ದಿಸಿಕೊಳ್ಳಿ. ಹಳೆಯ ಅಂಕಪಟ್ಟಿಯಲ್ಲಿ ವ್ಯತ್ಯಾಸವಿದ್ದರೆ, ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗಿಡುವುದು ಲೇಸು.

ಹಣದ ಲೆಕ್ಕ

ಮೊದಲ ವರ್ಷದ ಖರ್ಚಿಗೆ ಹಣವಿದೆ ಎಂದು ತೋರಿಸಲು ಬಹುತೇಕರು ಬಳಸುವುದು ಬ್ಲಾಕ್ಡ್ ಅಕೌಂಟ್. 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ಇಡಬೇಕಾದ ಮೊತ್ತ 11,904 ಯೂರೋ. ಯೂರೋಗೆ ನೂರು ರೂಪಾಯಿಯಂತೆ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ಇದು ಶುಲ್ಕವಲ್ಲ, ನಿಮ್ಮದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಶೈಕ್ಷಣಿಕ ಸಾಲದಿಂದ ಕಳಿಸುವವರು ಬ್ಯಾಂಕಿನವರಿಗೆ ಮೊದಲೇ ತಿಳಿಸಿ. ಹೊರದೇಶಕ್ಕೆ ಹಣ ಕಳಿಸುವ ಕಾಗದಪತ್ರ ಎಲ್ಲ ಶಾಖೆಗಳಲ್ಲೂ ಬೇಗ ಆಗುವುದಿಲ್ಲ.

ಅರ್ಜಿ ಸಲ್ಲಿಕೆ

ಅರ್ಜಿ ಈಗ ಜರ್ಮನ್ ವಿದೇಶಾಂಗ ಇಲಾಖೆಯ ಕಾನ್ಸುಲರ್ ಸೇವೆಗಳ ಪೋರ್ಟಲ್‌ನಲ್ಲಿ. ಲಾಗಿನ್ ಆಗಿ ಅರ್ಜಿ ತುಂಬಿ ಪಾಸ್‌ಪೋರ್ಟ್, ಪ್ರವೇಶಪತ್ರ, ಎಪಿಎಸ್, ಭಾಷಾ ಪರೀಕ್ಷೆಯ ಫಲಿತಾಂಶ, ಬ್ಲಾಕ್ಡ್ ಅಕೌಂಟ್‌ನ ದೃಢೀಕರಣ, ಆರೋಗ್ಯ ವಿಮೆ, ಈ ಓದು ಏಕೆ ಎಂದು ವಿವರಿಸುವ ಪತ್ರ ಇವನ್ನು ಸ್ಕ್ಯಾನ್ ಮಾಡಿ ಏರಿಸಬೇಕು. ಪ್ರಾಥಮಿಕ ಪರಿಶೀಲನೆ ಆದ ಮೇಲೆ ಬೆರಳಚ್ಚಿಗೆ ದಿನ ಸಿಗುತ್ತದೆ. ಕರ್ನಾಟಕದಲ್ಲಿ ನೆಲೆಸಿರುವವರು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಮೂಲ ದಾಖಲೆ, ನಕಲು, 35×45 ಮಿ.ಮೀ. ಭಾವಚಿತ್ರದೊಂದಿಗೆ ಹೋಗಬೇಕು. ವೀಸಾ ಶುಲ್ಕ 75 ಯೂರೋ, ಕಟ್ಟುವುದು ರೂಪಾಯಿಯಲ್ಲಿ. ಕೇಂದ್ರದ ಸಿಬ್ಬಂದಿ ಕಾಗದ ಪಡೆಯುವವರಷ್ಟೇ, ತೀರ್ಮಾನ ದೂತಾವಾಸದ್ದು.

ವಿವರಣೆ ಪತ್ರವನ್ನು ದಯವಿಟ್ಟು ನೀವೇ ಬರೆಯಿರಿ. ಏಜೆಂಟರು ಕೊಡುವ ಸಿದ್ಧ ಪತ್ರಗಳು ಒಂದರಂತೆ ಇನ್ನೊಂದಿರುತ್ತವೆ. ಮೆಕ್ಯಾನಿಕಲ್ ಓದಿ ಡೇಟಾ ಸೈನ್ಸ್‌ಗೆ ಹೊರಟಿದ್ದರೆ ಏಕೆಂದು ನಾಲ್ಕು ಸಾಲಿನಲ್ಲಿ ನೇರವಾಗಿ ಹೇಳಿ. ಖೋಟಾ ಅನುಭವಪತ್ರ ಸೇರಿಸೋಣ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮೊದಲು ವೀಸಾ ನಿರಾಕರಣೆಯಾದರೆ ದೂತಾವಾಸಕ್ಕೇ ಮರುಪರಿಶೀಲನೆ ಕೋರಿ ಪತ್ರ ಬರೆಯಬಹುದಿತ್ತು. 2025ರ ಜುಲೈ 1ರಿಂದ ಆ ದಾರಿ ಮುಚ್ಚಿದೆ. ಈಗ ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಜರ್ಮನಿಯ ನ್ಯಾಯಾಲಯ.

ವೀಸಾ ಕೈಗೆ ಬಂದಾಗ ಹೆಸರು, ಹುಟ್ಟಿದ ದಿನ, ಅವಧಿ ಸರಿಯಾಗಿವೆಯೇ ನೋಡಿ. ಆ ಅವಧಿ ಇಡೀ ಕೋರ್ಸಿನದ್ದಲ್ಲ. ಅಲ್ಲಿ ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ವೀಸಾ ಮುಗಿಯುವ ಮುಂಚೆ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ದೊಡ್ಡ ನಗರಗಳಲ್ಲಿ ಇದಕ್ಕೆ ಸರದಿ ಉದ್ದ. ವಿಳಾಸ ನೋಂದಾಯಿಸಿದ ವಾರದಲ್ಲೇ ಅರ್ಜಿ ಹಾಕಿ, ಅದರ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.