ಆಪತ್ಕಾಲದ ಮಾತು

2018ರ ಆಗಸ್ಟ್ 17ರಂದು ಕೊಡಗಿನ ಜೋಡುಪಾಲದ ಬೆಟ್ಟ ಜರಿದಾಗ ನಮ್ಮ ದೊಡ್ಡಪ್ಪನವರು ಮನೆ ಬಿಟ್ಟು ಕದಲಲೊಲ್ಲದೆ ಕುಳಿತುದನ್ನು ಬಂಧುಗಳು ಇಂದಿಗೂ ಹಠವೆಂದು ಆಡಿಕೊಳ್ಳುತ್ತಾರೆ. ಹಠವಿದ್ದುದು ನಿಜ, ಆದರೆ ಅದಕ್ಕೆ ನೀರೆರೆದವರು ಹಿಂದಿನ ಸಂಜೆ ಜೀಪಿನಿಂದ ಇಳಿಯದೆಯೇ, "ಕೂಡಲೇ ಖಾಲಿ ಮಾಡಿ, ಇಲ್ಲವಾದರೆ ನಾವು ಜವಾಬ್ದಾರರಲ್ಲ" ಎಂದು ಕೂಗಿ ಹೋದ ಅಧಿಕಾರಿಗಳೆಂಬುದನ್ನು ನಾನು ಹೇಳದೆ ಬಿಡಲಾರೆ. ಹೋಗಬೇಕಾದುದೆಲ್ಲಿಗೆ, ಹಟ್ಟಿಯ ದನಗಳ ಗತಿಯೇನು ಎಂಬುದಕ್ಕೆ ಉತ್ತರವೀಯದವರ ಆಜ್ಞೆಯನ್ನು, ಅದೇ ಗುಡ್ಡದ ಮಳೆಗಾಲಗಳಲ್ಲಿ ಮುಪ್ಪಾದ ವೃದ್ಧರು ನಂಬುವುದಾದರೂ ಹೇಗೆ?

ಬೆಳಗಾಗುವ ವೇಳೆಗೆ ಅಂಗಳದ ಕೆಳಗಿನ ತೋಟವಿದ್ದೆಡೆಯಲ್ಲಿ ಕೆಂಪು ರಾಡಿ ಭೋರ್ಗರೆಯುತ್ತಿದ್ದಿತು. ಮರಗಳು ಬುಡಸಮೇತ ನಿಂತ ನಿಲುವಿನಲ್ಲಿಯೇ ಜಾರಿ ಬರುತ್ತಿದ್ದುವು. ನೆಲದೊಳಗಿನಿಂದೇಳುವ ಶಬ್ದಕ್ಕೆ ಹಂಚುಗಳು ಅದುರುತ್ತಿರಲು, ದೊಡ್ಡಪ್ಪನವರು ನಡುಮನೆಯ ಕಂಬವನ್ನಪ್ಪಿ ಕುಳಿತಿದ್ದರು. ನಾನೂ ನನ್ನ ತಮ್ಮನೂ ಅವರ ರಟ್ಟೆ ಹಿಡಿದೆಳೆದಷ್ಟೂ ಆ ಹಿಡಿತ ಬಿಗಿಯಾಗುತ್ತಿದ್ದಿತು. ಆಗ ಹಗ್ಗ ಹಿಡಿದು ಮೇಲೇರಿ ಬಂದ ಅಗ್ನಿಶಾಮಕ ದಳದ ತರುಣನೊಬ್ಬನು ಶಿರಸ್ತ್ರಾಣವನ್ನು ತೆಗೆದು, ಅವರ ಕಣ್ಣಿಗೆ ಕಣ್ಣು ಸೇರುವಂತೆ ಕುಕ್ಕರಿಸಿ ಕುಳಿತು, ಮೊದಲು ತನ್ನ ಹೆಸರು ಹೇಳಿದನು.

"ಅಜ್ಜಾರ, ನಾ ವಿಜಯಪುರದ ಕಡಿಯಾಂವ. ನಿಮ್ಮ ಗುಡ್ಡ ನನಗ ಗೊತ್ತಿಲ್ಲ. ದಾರಿ ನೀವು ಹೇಳ್ರಿ, ಹಗ್ಗ ನಾ ಹಿಡೀತೀನಿ."

"ಮನೆ ಉಳೀತದಾ?"

"ಅದು ನನಗ ತಿಳಿಯಂಗಿಲ್ಲರಿ. ನೀವು ಕೆಳಗ ಮುಟ್ಟೂತನಕ ಕೈ ಬಿಡಂಗಿಲ್ಲ. ಮೊದಲ ದನದ ಹಗ್ಗ ಬಿಚ್ಚೂಣು."

ಮನೆ ಉಳಿಯುವುದೆಂದು ಅವನು ಸುಳ್ಳಾಡಿದ್ದರೆ ದೊಡ್ಡಪ್ಪನವರು ಏಳುತ್ತಿರಲಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಅವರು ಕಂಬವನ್ನು ಬಿಟ್ಟು, ಹಟ್ಟಿಯ ಹಿಂಬದಿಯ ಬಂಡೆಯ ದಾರಿಯನ್ನು ತಾವೇ ತೋರಿಸಿದರು. ನಡುವಿಗೆ ಹಗ್ಗ ಕಟ್ಟುವ ಮುನ್ನ ಕಟ್ಟುತ್ತೇನೆಂದೂ, ನೀರಿಗಿಳಿಯುವ ಮುನ್ನ ಅದು ಮೊಣಕಾಲಿನವರೆಗೆ ಬರುವುದೆಂದೂ ಆ ತರುಣನು ಮುಂದಾಗಿ ಹೇಳುತ್ತಲೇ ಇದ್ದನು. ಸಂಪಾಜೆಯ ಪರಿಹಾರ ಕೇಂದ್ರವನ್ನು ನಾವೆಲ್ಲರೂ ಜೀವಸಹಿತ ಸೇರಿದೆವು.

ರಕ್ಷಣೆಗೆ ಹೋಗುವವರು ಹೆಸರನ್ನೂ ಮುಂದಿನ ಹೆಜ್ಜೆಯನ್ನೂ ಮೊದಲೇ ಹೇಳಲಿ. ತಿಳಿಯದುದನ್ನು ತಿಳಿಯದೆಂದೇ ಒಪ್ಪಲಿ. ಮನೆಯವರೂ ಅಷ್ಟೆ, ನಡೆಯಲಾರದವರು ಯಾರು, ನಿತ್ಯದ ಔಷಧಿ ಯಾವುದೆಂಬುದನ್ನು ಕೂಡಲೇ ತಿಳಿಸಬೇಕು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯಂತಹ ದಳಗಳಲ್ಲಿ ಕನ್ನಡವರಿಯದವರು ಬರುವುದುಂಟಾದುದರಿಂದ, ಅವರೊಡನೆ ಹೋಗಬಲ್ಲ ಊರಿನ ಹುಡುಗರ ಪಟ್ಟಿಯನ್ನು ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಮುಂಗಾರಿಗೆ ಮೊದಲೇ ಸಿದ್ಧಪಡಿಸಿಡಬೇಕು.